ಎರಡು ಗ್ರಾಫ್, ಒಂದೇ ಹೆಸರು: ನನ್ನ ಅನುಭವ

ಥೀಸಿಸ್ ಟೈಪ್‌ಸೆಟ್ ಮಾಡಿಕೊಡಲು ಕೂತು ಎಂಟೊಂಬತ್ತು ವರ್ಷ ಆಯಿತು. ಅದಕ್ಕೆ ಬಳಸುವ ಸಾಫ್ಟ್‌ವೇರ್ ಲೇಟೆಕ್ ನನಗೆ ಕೈಕೊಟ್ಟಿದ್ದು ಸಮೀಕರಣದಲ್ಲಲ್ಲ, ಚಿತ್ರದ ಪಾತ್‌ನಲ್ಲಿ, ಅಂದರೆ ಚಿತ್ರ ಯಾವ ಫೋಲ್ಡರಿನಲ್ಲಿದೆ ಎಂದು ಹೇಳುವ ವಿಳಾಸದಲ್ಲಿ.

ಮೊದಲು ಮೇನ್ ಫೈಲಿನಲ್ಲಿ ಒಂದೇ ಗ್ರಾಫಿಕ್ಸ್‌ಪಾತ್ (ಚಿತ್ರ ಎಲ್ಲಿ ಹುಡುಕಬೇಕೆಂದು ಹೇಳುವ ಆಜ್ಞೆ) ಹಾಕಿ, ಆರೂ ಅಧ್ಯಾಯದ ಫೋಲ್ಡರ್ ಸಾಲಾಗಿ ಬರೆದಿಡುತ್ತಿದ್ದೆ. ಫೋಲ್ಡರ್ ಹೆಸರಿನ ಕೊನೆಯ ಸ್ಲ್ಯಾಷ್ ಮರೆತು ಪರದಾಡಿದ್ದು ಬಿಡಿ, ಅಲ್ಲಿ ಎರರ್ ಆದರೂ ಬರುತ್ತದೆ. ನನ್ನನ್ನು ಮುಳುಗಿಸಿದ್ದು ಎರರ್ ಬಾರದ ತಪ್ಪು.

ಕೆಮಿಸ್ಟ್ರಿ ಮೇಡಂ ಒಬ್ಬರ ಥೀಸಿಸ್. 3ನೇ ಅಧ್ಯಾಯದಲ್ಲೂ ಚಿತ್ರದ ಫೈಲಿನ ಹೆಸರು ಗ್ರಾಫ್1, 5ನೇದರಲ್ಲೂ ಗ್ರಾಫ್1. ಪಟ್ಟಿಯಲ್ಲಿ ಮೊದಲು ಸಿಕ್ಕ ಫೋಲ್ಡರಿನದೇ ಎರಡೂ ಕಡೆ ಕೂತಿತು. ಲೇಟೆಕ್ ಓಡಿದಾಗ ಬರೆಯುವ ವರದಿ, ಆ ಲಾಗ್‌ನಲ್ಲಿ, ಒಂದು ಎಚ್ಚರಿಕೆಯೂ ಇಲ್ಲ. ಐದು ಪ್ರತಿ ಬೈಂಡ್ ಆದಮೇಲೆ ಫೋನ್ ಬಂತು: "ಸರ್, ನನ್ನ ಪೀಕ್ ಎಲ್ಲಿ ಹೋಯ್ತು?" ಮತ್ತೆ ಕಲರ್ ಪ್ರಿಂಟ್, ಮತ್ತೆ ಬೈಂಡ್. ಸುಮಾರು 4,500 ರೂಪಾಯಿ ನನ್ನ ಜೇಬಿಂದ. ಕೂಲಿ ಸಿಕ್ಕಿದ್ದೇ 9,000ದ ಆಸುಪಾಸು.

ಗೆಳೆಯನೊಬ್ಬ ಎಲ್ಲಾ ಒಂದೇ ಫೋಲ್ಡರಿಗೆ ಹಾಕಿ ಹೆಸರು ಬದಲಿಸು ಎಂದ. ಮಾಡಿದೆ. ಆದರೆ ವಿದ್ಯಾರ್ಥಿಗಳು ರಾತ್ರಿ ಹನ್ನೊಂದಕ್ಕೆ ಹೊಸ ಗ್ರಾಫ್ ಕಳಿಸುತ್ತಾರೆ, ಅದೇ ಹಳೇ ಹೆಸರಲ್ಲಿ. ಎಷ್ಟು ಸಲ ಬದಲಿಸುವುದು?

ಕೊನೆಗೆ ಪ್ರತಿ ಅಧ್ಯಾಯದ ಫೈಲಿನ ಮೊದಲ ಸಾಲಿಗೇ ಆ ಅಧ್ಯಾಯದ ಫೋಲ್ಡರ್ ಮಾತ್ರ ಇರುವ ಗ್ರಾಫಿಕ್ಸ್‌ಪಾತ್ ಹಾಕಿದೆ. ಅದು ಪ್ರಿಯಾಂಬಲ್‌ನಲ್ಲಿ (ಮೇನ್ ಫೈಲಿನ ಆರಂಭದ ಸೆಟ್ಟಿಂಗ್ ಭಾಗ) ಒಂದೇ ಸಲ ಬರಬೇಕು ಎಂದು ಅದೇ ಗೆಳೆಯ ನಕ್ಕ. ಹಾಗೇನಿಲ್ಲ. ಹೊಸದು ಬಂದರೆ ಹಳೇದು ಅಳಿಯುತ್ತದೆ, ನನಗೆ ಬೇಕಿದ್ದೂ ಅದೇ. ಮೂರು ಎಚ್ಚರ: ಪಾತ್ ಬರೆಯಬೇಕಾದ್ದು ಮೇನ್ ಫೈಲ್ ಇರುವ ಜಾಗದಿಂದ, ಅಧ್ಯಾಯದ ಫೈಲ್ ಇರುವ ಜಾಗದಿಂದ ಅಲ್ಲ. ಮೇನ್ ಫೋಲ್ಡರಿನಲ್ಲಿ ಒಂದೂ ಚಿತ್ರ ಬಿಡಬೇಡಿ, ಮೊದಲು ಅಲ್ಲೇ ಹುಡುಕುತ್ತದೆ. ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ನೂ ಬರೆದುಬಿಡಿ. ಬರೆಯದಿದ್ದರೆ ಪಿಎನ್‌ಜಿಗಿಂತ ಮೊದಲು ಪಿಡಿಎಫ್ ಎತ್ತಿಕೊಳ್ಳುತ್ತದೆ, ಹೋದ ವರ್ಷದ್ದಾದರೂ ಸರಿ.

ನಡುವೆ ಟೆಕ್ಸ್‌ಇನ್‌ಪುಟ್ಸ್‌ಗೆ (ಫೈಲ್ ಎಲ್ಲೆಲ್ಲಿ ಹುಡುಕಬೇಕೆಂಬ ಕಂಪ್ಯೂಟರಿನ ಸೆಟ್ಟಿಂಗ್) ಎರಡು ಸ್ಲ್ಯಾಷ್ ಹಾಕಿ ಒಳಗಿನ ಫೋಲ್ಡರೆಲ್ಲ ಹುಡುಕಿಸಿದ್ದೂ ಆಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಭರ್ಜರಿ, ಗೈಡ್ ಅವರ ಕಂಪ್ಯೂಟರಿನಲ್ಲಿ ಒಂದು ಚಿತ್ರವೂ ಇಲ್ಲ. ಆ ಸೆಟ್ಟಿಂಗ್ ಇರುವುದು ನನ್ನ ಮೆಷಿನ್ನಲ್ಲಿ ಮಾತ್ರ, ಅಲ್ವಾ? ಅವರದು ಲಿನಕ್ಸ್ ಬೇರೆ. ವಿಂಡೋಸ್‌ನಲ್ಲಿ ಸುಮ್ನೆ ನಡೆಯುತ್ತಿದ್ದ ದೊಡ್ಡಕ್ಷರದ ಜೆಪಿಜಿಗಳೂ ಅಲ್ಲಿ ಸಿಗಲಿಲ್ಲ. ಈಗ ಕ್ಯಾಮೆರಾದಿಂದ ಬಂದ ಫೈಲಿಗೆಲ್ಲ ಮೊದಲು ಸಣ್ಣಕ್ಷರ, ಸ್ಪೇಸ್ ಇದ್ದಲ್ಲಿ ಅಡ್ಡಗೆರೆ. ಕನ್ನಡ ಹೆಸರಿನ ಫೈಲುಗಳನ್ನೂ ಝೀಲೇಟೆಕ್‌ನಲ್ಲಿ (XeLaTeX, ಯುನಿಕೋಡ್ ಓದುವ ಲೇಟೆಕ್) ಓಡಿಸಿ ನೋಡಿದೆ, ಓಡಿದವು. ಗಿರಾಕಿಗೆ ಕೊಡುವ ಧೈರ್ಯ ಮಾತ್ರ ಬರಲಿಲ್ಲ.

ಅಧ್ಯಾಯಕ್ಕೊಂದು ಗ್ರಾಫಿಕ್ಸ್‌ಪಾತ್ ಎನ್ನುವ ಈ ಲೆಕ್ಕದಲ್ಲಿ ಏಳೆಂಟು ಥೀಸಿಸ್ ಮುಗಿಸಿದ್ದೇನೆ. ದೊಡ್ಡದರಲ್ಲಿ ನೂರೆಂಬತ್ತು ಚಿತ್ರ ಇದ್ದವೇನೋ. ಒಂದೂ ಅದಲುಬದಲಾಗಿಲ್ಲ. ನಕ್ಕ ಗೆಳೆಯನೂ ಈಗ ಹೀಗೇ ಮಾಡುತ್ತಾನೆ. ಪ್ರಿಂಟಿಗೆ ಮೊದಲು ಲೇಟೆಕ್‌ಗೆ ರೆಕಾರ್ಡರ್ ಆಪ್ಷನ್ ಹಾಕಿ, ಹುಟ್ಟುವ ಎಫ್‌ಎಲ್‌ಎಸ್ ಫೈಲಿನಲ್ಲಿ (ತೆರೆದ ಫೈಲುಗಳ ಪಟ್ಟಿ) ಯಾವ ಚಿತ್ರ ಎಲ್ಲಿಂದ ಬಂತೆಂದು ನೋಡಿಕೊಳ್ಳುತ್ತೇನೆ. ಅದನ್ನು ಅಧ್ಯಾಯವಾರು ತಾಳೆ ಹಾಕುವ ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಒಂದಿದೆ. ಅದನ್ನು ಆ ಗೆಳೆಯನಿಗೂ ಕೊಟ್ಟಿಲ್ಲ.