ಶುಲ್ಕ ಏರಿಕೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ನಗರಸಭೆ ಅಥವಾ ಪುರಸಭೆಯು ಕಸ ವಿಲೇವಾರಿ, ನೀರು, ವಾಹನ ನಿಲುಗಡೆ ಮುಂತಾದವುಗಳ ಶುಲ್ಕ ಹೆಚ್ಚಿಸಲು ಮುಂದಾದಾಗ ಬಡಾವಣೆಯ ನಿವಾಸಿಗಳು ವಾರ್ಡ್ ಸದಸ್ಯರ ಮನೆಗೆ ಹೋಗಿ ಅಳಲು ತೋಡಿಕೊಳ್ಳುತ್ತಾರೆ, ಇಲ್ಲವೇ ನೂರಾರು ಸಹಿಗಳ ಮನವಿಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಬರುತ್ತಾರೆ. ಇವು ತಪ್ಪಲ್ಲ. ಆದರೆ ಅಧಿಕಾರಿಗಳು ಕಾರಣ ಕೊಟ್ಟೇ ತಳ್ಳಿಹಾಕಬೇಕಾದಂಥ ಕಾಗದವೊಂದು ಇದರಿಂದ ಕಡತಕ್ಕೆ ಸೇರುವುದಿಲ್ಲ. ಆ ಕೆಲಸ ಮಾಡುವುದು ಅವಧಿಯೊಳಗೆ ಸಲ್ಲಿಸಿದ ಲಿಖಿತ ಆಕ್ಷೇಪಣೆ ಮಾತ್ರ. ಅದನ್ನು ಬರೆಯುವಲ್ಲಿಯೇ ಬಹುತೇಕರು ಎಡವುವುದನ್ನು ಕಂಡಿರುವುದರಿಂದ ಇಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು, ಹಣ ಯಾವ ಬಗೆಯದೆಂದು ತಿಳಿದುಕೊಳ್ಳಿ. ಆಸ್ತಿ ತೆರಿಗೆಯ ರಸೀದಿಯನ್ನು ಮುಂದಿಟ್ಟುಕೊಂಡು ಪ್ರತಿ ಸಾಲನ್ನೂ ಓದಿ. ಗ್ರಂಥಾಲಯ ಉಪಕರವು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದದ್ದು, ಭಿಕ್ಷುಕರ ಉಪಕರವು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಇವುಗಳ ದರ ಸ್ಥಳೀಯ ಸಂಸ್ಥೆಯ ಕೈಯಲ್ಲಿಲ್ಲವಾದ್ದರಿಂದ ಪೌರಾಯುಕ್ತರಿಗೆ ಇವುಗಳ ಬಗ್ಗೆ ಬರೆಯುವುದು ವ್ಯರ್ಥ. ಕಸದ ಬಳಕೆದಾರರ ಶುಲ್ಕ ಹಾಗಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ನಿಗದಿಪಡಿಸಿ ವಸೂಲು ಮಾಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೇ ವಹಿಸಿದವು.

ಎರಡನೆಯದು ಸೂಚನೆಯ ಪ್ರತಿ. ಕಚೇರಿಯ ಸೂಚನಾ ಫಲಕ, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ, ಈ ಮೂರನ್ನೂ ನೋಡಿ; ಪ್ರಕಟಣೆಯ ದಿನಾಂಕ ಮತ್ತು ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಅರ್ಧ ಪುಟದ ಚಿತ್ರವನ್ನು ನಂಬಬೇಡಿ. ದರಗಳ ಪಟ್ಟಿ ಇರುವುದು ಅನುಬಂಧದಲ್ಲಿ, ಅದು ಆ ಚಿತ್ರದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಮೂರನೆಯದು ಅಂಕಿ ಅಂಶ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು ಕಚೇರಿಗೆ 30 ದಿನಗಳ ಕಾಲಾವಕಾಶವಿದೆ, ಆಕ್ಷೇಪಣೆಯ ಅವಧಿ ಅಷ್ಟರಲ್ಲಿ ಮುಗಿದುಹೋಗಬಹುದು. ಆದ್ದರಿಂದ ಬಜೆಟ್ ಪೂರ್ವಭಾವಿ ಸಭೆಯಲ್ಲಿ ಶುಲ್ಕದ ಮಾತು ಕೇಳಿಬಂದ ಕೂಡಲೇ ಅರ್ಜಿ ಹಾಕಿಬಿಡಿ. ಹತ್ತು ರೂಪಾಯಿ ಶುಲ್ಕ ಸಾಕು. ಆದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಕಳೆದ ಮೂರು ವರ್ಷಗಳಲ್ಲಿ ಕಸ ನಿರ್ವಹಣೆಗೆ ಆದ ವೆಚ್ಚ ಮತ್ತು ಅದೇ ಬಾಬತ್ತಿನಲ್ಲಿ ವಸೂಲಾದ ಹಣ, ಇವೆರಡನ್ನು ಮಾತ್ರ ಕೇಳಿ. ಸಮಯವಿಲ್ಲದಿದ್ದರೆ ಸಭೆಯ ಮುಂದೆ ಮಂಡಿಸಿದ ಆಯವ್ಯಯ ಪುಸ್ತಕದಲ್ಲೇ ಈ ಎರಡು ಅಂಕಿಗಳನ್ನು ಹುಡುಕಿ.

ಇನ್ನು ಆಕ್ಷೇಪಣೆಯ ಬರವಣಿಗೆ. ‘ಬಡವರಿಗೆ ಹೊರೆಯಾಗುತ್ತದೆ, ಕೂಡಲೇ ಕೈಬಿಡಬೇಕು’ ಎಂದಷ್ಟೇ ಬರೆದ ಪತ್ರವನ್ನು ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಷರಾದಿಂದ ಮುಗಿಸಿಬಿಡಬಹುದು. ಷರಾದಿಂದ ಮುಗಿಯದಂತೆ ಬರೆಯಬೇಕಾದರೆ ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಹಿಡಿದುಕೊಳ್ಳಬೇಕು. ತೆರಿಗೆಗೆ ಪ್ರತಿಯಾಗಿ ಇಂಥದೇ ಸೇವೆ ಕೊಡಬೇಕೆಂಬ ಬಂಧನವಿಲ್ಲ. ಶುಲ್ಕವಾದರೋ ಒಂದು ನಿರ್ದಿಷ್ಟ ಸೇವೆಯ ವೆಚ್ಚಕ್ಕೆಂದೇ ಪಡೆಯುವ ಹಣ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1954ರಲ್ಲೇ ಸ್ಪಷ್ಟಪಡಿಸಿದ್ದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಆದರೆ 1983ರ ಹೊತ್ತಿಗೆ ಅದೇ ನ್ಯಾಯಾಲಯ, ಕೊಟ್ಟ ಹಣಕ್ಕೂ ಸಿಕ್ಕ ಸೇವೆಗೂ ರೂಪಾಯಿ ಲೆಕ್ಕದ ಸಮಾನತೆ ಬೇಕಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದೂ ಹೇಳಿತು. ಆದಕಾರಣ ‘ನಮ್ಮ ಬೀದಿಗೆ ಗಾಡಿ ದಿನ ಬಿಟ್ಟು ದಿನ ಬರುತ್ತದೆ, ಹಾಗಾಗಿ ನಾವು ಅರ್ಧ ಶುಲ್ಕ ಮಾತ್ರ ಕೊಡುತ್ತೇವೆ’ ಎಂಬ ವಾದ ನಿಲ್ಲುವುದು ಕಷ್ಟ. ಊರಿನ ಒಟ್ಟು ವಸೂಲಿ ಮತ್ತು ಆ ಸೇವೆಯ ಒಟ್ಟು ವೆಚ್ಚದ ನಡುವಿನ ಅಂತರವನ್ನು ಪ್ರಶ್ನಿಸುವ ವಾದಕ್ಕೆ ಬಲ ಹೆಚ್ಚು.

ಎರಡನೆಯ ಬಲವಾದ ವಾದ ವರ್ಗೀಕರಣಕ್ಕೆ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಜಾರಿಗೆ ತಂದ ಕಸ ಶುಲ್ಕದ ಪಟ್ಟಿಯನ್ನು ನೋಡಿ: 601ರಿಂದ 1,000 ಚದರ ಅಡಿಯ ಮನೆಗೆ ತಿಂಗಳಿಗೆ 50 ರೂಪಾಯಿ, 1,001ರಿಂದ 2,000 ಚದರ ಅಡಿಯ ಮನೆಗೆ 100 ರೂಪಾಯಿ. ವೃದ್ಧ ದಂಪತಿಯಿಬ್ಬರೇ ಇರುವ 1,050 ಚದರ ಅಡಿಯ ಮನೆ ವರ್ಷಕ್ಕೆ 1,200 ರೂಪಾಯಿ ಕೊಡಬೇಕು, ಆರು ಮಂದಿ ಇರುವ 950 ಚದರ ಅಡಿಯ ಮನೆ 600 ರೂಪಾಯಿ ಕೊಟ್ಟರೆ ಸಾಕು. ಕಸದ ಪ್ರಮಾಣಕ್ಕೂ ಕಟ್ಟಡದ ವಿಸ್ತೀರ್ಣಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಇಂಥ ಲೆಕ್ಕದೊಂದಿಗೆ ಕೇಳಿದರೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರಿಗೆ ರಿಯಾಯಿತಿ ಇದೆಯೇ, ಆಸ್ತಿ ತೆರಿಗೆಯ ರಸೀದಿಯಲ್ಲಿ ಕಸದ ಬಾಬತ್ತಿನ ಸಾಲೊಂದು ಈಗಾಗಲೇ ಇದೆಯೇ ಎಂಬುದನ್ನೂ ಇಲ್ಲಿಯೇ ಎತ್ತಿಕೊಳ್ಳಿ.

ಪ್ರತಿ ಅಂಶದ ಕೊನೆಯಲ್ಲಿ ನಿಮಗೆ ಬೇಕಾದ ತಿದ್ದುಪಡಿ ಏನೆಂದು ಬರೆಯುವುದನ್ನು ಮರೆಯಬೇಡಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಒಂದು ಮಾದರಿ ಹೀಗಿದೆ: ‘ಕರಡಿನ ಅನುಬಂಧದ ಎರಡನೇ ಸಾಲಿಗೆ ನನ್ನ ಆಕ್ಷೇಪಣೆ ಇದೆ. ಈ ದರದಿಂದ ಬರುವ ಒಟ್ಟು ಆದಾಯದ ಅಂದಾಜು ಮತ್ತು ಕಸ ನಿರ್ವಹಣೆಯ ವೆಚ್ಚವನ್ನು ಕರಡಿನಲ್ಲಿ ತೋರಿಸಿಲ್ಲ. ಅದನ್ನು ಪ್ರಕಟಿಸಿ ಹೊಸದಾಗಿ ಆಕ್ಷೇಪಣೆ ಆಹ್ವಾನಿಸಬೇಕು. ತಪ್ಪಿದಲ್ಲಿ ಮನೆಯಲ್ಲೇ ಗೊಬ್ಬರ ತಯಾರಿಸುವ ಕುಟುಂಬಗಳಿಗೆ ಶುಲ್ಕದಲ್ಲಿ ಅರ್ಧದಷ್ಟು ವಿನಾಯಿತಿ ನೀಡಬೇಕು.’

ಪತ್ರ ಒಂದೇ ಪುಟದ್ದಾಗಿರಲಿ, ಕನ್ನಡದಲ್ಲಿರಲಿ, ಮೂರು ಅಂಶಗಳನ್ನು ಮೀರದಿರಲಿ. ರಸ್ತೆ ಗುಂಡಿ, ಬೀದಿ ದೀಪ, ನಾಯಿಕಾಟ ಇವು ಯಾವುವೂ ಇದರೊಳಗೆ ಬರಕೂಡದು. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ಝೆರಾಕ್ಸ್ ಮಾಡಿಸಿದ ನಮೂನೆಗಳನ್ನು ಹಂಚುವ ಪದ್ಧತಿಯನ್ನು ಖಂಡಿತ ಕೈಬಿಡಿ. ಅವೆಲ್ಲವನ್ನೂ ಒಟ್ಟುಗೂಡಿಸಿ ಒಂದೇ ಆಕ್ಷೇಪಣೆಯೆಂದು ವಿಲೇ ಮಾಡುವುದು ಸುಲಭ. ಹತ್ತು ಮನೆಯವರು ತಂತಮ್ಮ ರಸೀದಿಯ ಲೆಕ್ಕ ಹಾಕಿ ಬರೆದ ಹತ್ತು ಪತ್ರಗಳು ಮುನ್ನೂರು ಸಹಿಗಳಿಗಿಂತ ಮೇಲು. ಕಚೇರಿಯ ಹೊರಗೆ ಟೈಪ್ ಮಾಡಿಕೊಡುವವರಿಂದ ಸಿದ್ಧ ಅರ್ಜಿ ಕೊಳ್ಳಬೇಡಿ, ಅದರಲ್ಲಿ ನಿಮ್ಮ ಅನುಬಂಧದ ಸಾಲಿನ ಉಲ್ಲೇಖವೇ ಇರುವುದಿಲ್ಲ. ಅಂತರ್ಜಾಲದ ಸಹಿ ಅಭಿಯಾನವಂತೂ ಆಕ್ಷೇಪಣೆಯ ಲೆಕ್ಕಕ್ಕೇ ಬರುವುದಿಲ್ಲ.

ಸಲ್ಲಿಕೆ. ಪುರಸಭೆಯಾದರೆ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಮಹಾನಗರ ಪಾಲಿಕೆಯಾದರೆ ಆಯುಕ್ತರಿಗೆ ವಿಳಾಸ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಮೂರನ್ನೂ ಪಡೆಯಿರಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಆದಂತೆ, ಚುನಾಯಿತ ಸದಸ್ಯರೇ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಗೂ ಒಂದು ಪ್ರತಿ ಕಳುಹಿಸಿ. ಇಮೇಲ್ ಜೊತೆಗಿರಲಿ, ಅದೊಂದನ್ನೇ ನೆಚ್ಚಬೇಡಿ. ಗ್ರಾಮ ಪಂಚಾಯಿತಿಯವರು ಪಿಡಿಒ ಅವರಿಗೆ ಪತ್ರ ಕೊಟ್ಟು, ಗ್ರಾಮಸಭೆಯಲ್ಲಿ ಅದೇ ವಿಷಯ ಎತ್ತಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಅಲ್ಲೇ ಇರಬೇಕು.

ಇಷ್ಟೆಲ್ಲ ಮಾಡಿದರೂ ಕರಡು ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ (ಸರ್ಕಾರ ಆಸ್ತಿಗಳಿಗೆ ನಿಗದಿಪಡಿಸುವ ಮೌಲ್ಯಕ್ಕೆ) ಜೋಡಿಸುವ ಕರಡನ್ನು 2024ರ ಫೆಬ್ರುವರಿಯಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಲಾಗಿತ್ತು. ಏಪ್ರಿಲ್‌ನಿಂದ ಜಾರಿಯಾಗಬೇಕಿದ್ದ ಆ ಪದ್ಧತಿ ಆ ವರ್ಷ ಜಾರಿಗೆ ಬರಲಿಲ್ಲ. ಕರಡು ಎಂದರೆ ಅಂತಿಮವಲ್ಲ.

ಕೊನೆಯ ಹಂತ ಬೆನ್ನುಹತ್ತುವುದು. ಶುಲ್ಕಕ್ಕೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿಯ ಪ್ರತಿ ಪಡೆದು, ನಿಮ್ಮ ಆಕ್ಷೇಪಣೆಯನ್ನು ಯಾವ ಕಾರಣಕ್ಕೆ ತಿರಸ್ಕರಿಸಲಾಗಿದೆ ಎಂದು ನೋಡಿ. ಕಾರಣವೇ ಇಲ್ಲದಿದ್ದರೆ, ಆ ಪ್ರತಿ ಮತ್ತು ಮೊಹರು ಬಿದ್ದ ನಿಮ್ಮ ಪತ್ರ ಎರಡನ್ನೂ ಲಗತ್ತಿಸಿ ಜಿಲ್ಲಾಧಿಕಾರಿಗೆ ಬರೆಯಿರಿ. ಪುರಸಭೆ, ನಗರಸಭೆಗಳ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರವನ್ನು 1964ರ ಪುರಸಭೆಗಳ ಕಾಯ್ದೆ ಅವರಿಗೆ ಕೊಟ್ಟಿದೆ. ಅಲ್ಲಿಯವರೆಗೆ ಶುಲ್ಕ ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿದಾರನೆಂಬ ಹೆಸರು ಬಂದರೆ ನಿಮ್ಮ ವಾದಕ್ಕಿಂತ ನಿಮ್ಮ ಬಾಕಿಯೇ ಮುಂದೆ ಬರುತ್ತದೆ. ‘ನನ್ನ ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂಬ ಒಂದು ಸಾಲಿನ ಪತ್ರವನ್ನು ರಸೀದಿಯ ಪ್ರತಿಯೊಂದಿಗೆ ಅದೇ ಟಪಾಲು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ.