ಚಿಪ್ಪಿನ ಪುಡಿ ಬೆರೆಸಿದ ಗಗನನೌಕೆ

ನಾನಿರುವುದು ಡಲ್ಲಾಸ್‌ನಲ್ಲಿ. ಇಲ್ಲಿಂದ ಪೂರ್ವಕ್ಕೆ ಹೋದರೆ ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಕ್ಯಾಡೋ ಜನರ ಮೂಲ ನೆಲ. ಪೂರ್ವ ಟೆಕ್ಸಾಸ್, ಲೂಸಿಯಾನ, ಅರ್ಕನ್ಸಾ, ಓಕ್ಲಹೋಮಾಗಳಲ್ಲಿ ಅದು ಹರಡಿತ್ತು. 1859ರಲ್ಲಿ ಅವರನ್ನು ಟೆಕ್ಸಾಸ್‌ನಿಂದ ಹೊರಗೆ ಅಟ್ಟಿದರು. ಅವರ ಮಡಕೆ ಕೆಲಸವೂ ಕಾಲಕ್ರಮೇಣ ನಿಂತುಹೋಯಿತು. 1991ರಲ್ಲಿ ಕ್ಯಾಡೋ ಮಹಿಳೆ ಜೆರಿ ರೆಡ್‌ಕಾರ್ನ್ ಮ್ಯೂಸಿಯಂನಲ್ಲಿ ತಮ್ಮ ಹಿರಿಯರ ಮಡಕೆಗಳನ್ನು ನೋಡಿ, ಅದನ್ನು ಮತ್ತೆ ಶುರುಮಾಡಿದರು. ಅವರ ನಂತರ ಬಂದ ಕ್ಯಾಡೋ ಕಲಾವಿದ ಚೇಸ್ ಅರ್ಲ್ಸ್ ಅದೇ ಹಳೆಯ ವಿಧಾನದಲ್ಲಿ ಸೈನ್ಸ್ ಫಿಕ್ಷನ್‌ನಿಂದ ಹುಟ್ಟಿದ ರೂಪಗಳನ್ನೂ ಮಾಡುತ್ತಾರೆ. ಹವ್ಯಾಸಕ್ಕೆ ಮಣ್ಣು ಮುಟ್ಟುವ ನನ್ನನ್ನು ಸೆಳೆದದ್ದು ಅದು.

ಕ್ಯಾಡೋ ಕುಂಬಾರರಿಗೆ ತಿಗರಿ ಇರಲಿಲ್ಲ. ಕೋಡುಬಳೆಗೆ ಹೊಸೆದಂತೆ ಮಣ್ಣನ್ನು ಹೊಸೆದು, ಸುತ್ತಿ, ಒಂದರ ಮೇಲೊಂದು ಕೂರಿಸಿ ಬೆಸೆಯಬೇಕು. ಮಣ್ಣು ಬಿರಿಯದಿರಲು ಏನಾದರೂ ಬೆರೆಸಬೇಕಲ್ವಾ? ಅವರು ಒಡೆದ ಮಡಕೆಯ ಪುಡಿ, ಮೂಳೆ, ನದಿ ಚಿಪ್ಪು ಬಳಸುತ್ತಿದ್ದರು. ನದಿ ಚಿಪ್ಪಿನ ಎಷ್ಟೋ ಜಾತಿಗಳು ಈಗ ಅಳಿವಿನಂಚಿನಲ್ಲಿವೆ. ಹಾಗಾಗಿ ನಾನು ಕೋಳಿಗಳಿಗೆ ಹಾಕುವ ಸಿಂಪಿ ಚಿಪ್ಪಿನ ಚೂರು ಕೊಂಡು ತರುತ್ತೇನೆ. ಮೊದಲು ಸುಡುತ್ತೇನೆ, ಆಗ ಅದು ಬೆರಳಲ್ಲೇ ಪುಡಿಯಾಗುತ್ತದೆ. ಈ ಮಣ್ಣಿಗೆ ಜಾಸ್ತಿ ಬೆಂಕಿ ಆಗದು. ಶಾಖ ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಿಪ್ಪು ಸುಣ್ಣವಾಗುತ್ತದೆ. ಆ ಸುಣ್ಣ ಆಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಮಡಕೆ ಪದರ ಪದರವಾಗಿ ಉದುರುತ್ತದೆ. ಅದಕ್ಕೇ ನನ್ನದು ಬರೀ ಕಟ್ಟಿಗೆ ಬೆಂಕಿ. ಮಡಕೆಯನ್ನು ಬೆಂಕಿಯ ಪಕ್ಕ ಇಟ್ಟು, ತಿರುಗಿಸುತ್ತಾ ನಿಧಾನ ಬಿಸಿ ಮಾಡಿ, ಕೊನೆಗೆ ಮೇಲೆ ಕಟ್ಟಿಗೆ ಪೇರಿಸುತ್ತೇನೆ.

ರೂಪದ ವಿಷಯಕ್ಕೆ ಬಂದರೆ, ಗುಂಡು ಹೊಟ್ಟೆ, ಸಪೂರ ಕತ್ತು ಇರುವ ಬಾಟಲಿ ಕ್ಯಾಡೋಗಳ ವಿಶೇಷ. ಅವುಗಳಲ್ಲಿ ಮೂರು ಕಾಲಿನವೂ ಇವೆ. ನೋಡಿದ ಕೂಡಲೇ ನನಗೆ ಚಂದ್ರನ ಮೇಲೆ ಇಳಿದು ನಿಂತ ನೌಕೆ ಅನಿಸಿತು! ಅಲ್ಲಿಂದಲೇ ನನ್ನ ಪಾತ್ರೆಗಳು ಹುಟ್ಟಿದವು: ಮೂರು ದಪ್ಪ ಕಾಲು, ಮೇಲೆ ಆಂಟೆನಾದಂಥ ಕತ್ತು. ಅರ್ಧ ಒಣಗಿದಾಗ ನಯವಾದ ಕಲ್ಲಿನಿಂದ ಉಜ್ಜುತ್ತೇನೆ. ಈ ಉಜ್ಜುವಿಕೆಗೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕು, ಹೊಳಪೆಲ್ಲ ಇದರಿಂದಲೇ. ಮೆರುಗೆಣ್ಣೆ ಏನೂ ಇಲ್ಲ. ಸುಟ್ಟ ಮೇಲೆ ಚೂಪು ಮೊನೆಯಿಂದ ಗೆರೆ ಕೊರೆದು, ಗೆರೆಯೊಳಗೆ ಕೆಮ್ಮಣ್ಣು ತುಂಬುತ್ತೇನೆ. ಕಪ್ಪು ಮೈ ಮೇಲೆ ಕೆಂಪು ಗೆರೆ ಕಂಟ್ರೋಲ್ ಪ್ಯಾನಲ್‌ನ ದೀಪಗಳಂತೆ ಎದ್ದು ಕಾಣುತ್ತದೆ.

ಆದರೆ ಕ್ಯಾಡೋ ಮಡಕೆಗಳ ಸುರುಳಿ ಚಿತ್ತಾರಗಳನ್ನು ನಾನು ನಕಲು ಮಾಡುವುದಿಲ್ಲ. ಅವು ಅವರ ಹಿರಿಯರವು, ಎಷ್ಟೋ ಮಡಕೆಗಳು ಸಮಾಧಿಯಿಂದ ಬಂದವು. ನನ್ನ ಗೆರೆಗಳು ನಕ್ಷತ್ರ ನಕ್ಷೆ, ಸರ್ಕ್ಯೂಟ್. ನಾನು ಮಾಡಿದ್ದನ್ನು ಕ್ಯಾಡೋ ಮಡಕೆ ಅಂತ ಕರೆಯುವುದೂ ಇಲ್ಲ. ಬುಡಕಟ್ಟಿನವರಲ್ಲದವರು ಹಾಗೆ ಹೇಳಿ ಮಾರುವುದಕ್ಕೆ ಅಮೆರಿಕದಲ್ಲಿ 1990ರ ಕಾನೂನಿನ ತಡೆಯಿದೆ, ಅದು ಸರಿಯಾದದ್ದೇ. ಯಾರಾದರೂ ನನ್ನ ಹತ್ತಿರ ಕ್ಯಾಡೋ ಮಡಕೆ ಕೇಳಿದರೆ ಕ್ಯಾಡೋ ಕಲಾವಿದರ ಹತ್ತಿರ ಕಳಿಸುತ್ತೇನೆ.