ಎಳ್ಳು-ಬೆಲ್ಲ ಪುಟ್ಟ ಮಕ್ಕಳಿಗೆ ಹಾಗೇ ಕೊಡಬೇಡಿ

ಸಂಕ್ರಾಂತಿ ಬಂದರೆ ನಮ್ಮ ಮಂಡ್ಯದಲ್ಲಿ ಮನೆ ಮನೆಗೂ ಎಳ್ಳು ಬೀರುತ್ತಾರೆ. ಮಕ್ಕಳು ಪೊಟ್ಟಣ ಬಿಚ್ಚಿ ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತವೆ, ಅಲ್ವಾ? ಅದರಲ್ಲಿರುವ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು 4 ವರ್ಷದೊಳಗಿನ ಮಕ್ಕಳಿಗೆ ಅಪಾಯ. ಅರೆದು ತಿನ್ನುವುದು ಅವಕ್ಕಿನ್ನೂ ಸರಿಯಾಗಿ ಬಂದಿರುವುದಿಲ್ಲ, ಉಸಿರಿನ ಕೊಳವೆಯೂ ಸಣ್ಣದು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಹಿಸುಕಿದ ಬಾಳೆಹಣ್ಣಿಗೆ ಕಲಸಿ ಕೊಡಿ. ಸಕ್ಕರೆ ಅಚ್ಚು, ಕಬ್ಬಿನ ತುಂಡು ಬೇಡವೇ ಬೇಡ. ಓಡಾಡುತ್ತಾ ತಿನ್ನಲು ಬಿಡದೆ, ಕೂರಿಸಿ ತಿನ್ನಿಸಿ.

ಗಂಟಲಲ್ಲಿ ಸಿಕ್ಕಿಕೊಂಡು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗುತ್ತಿಲ್ಲ ಅಂದರೆ ತಲೆ ತಗ್ಗಿರುವಂತೆ ಬೋರಲು ಹಿಡಿದು, ಬೆನ್ನಿನ ಮೇಲ್ಭಾಗದ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಇನ್ನೊಬ್ಬರು ತಕ್ಷಣ 108ಕ್ಕೆ ಫೋನ್ ಮಾಡಲಿ. ಸುಮ್ನೆ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ತುಂಡು ಇನ್ನೂ ಒಳಗೆ ಹೋಗುತ್ತದೆ.